ತಮ್ಮನ ಬೆಟ್ಟಿಂಗ್ ಸಾಲವನ್ನು ನಾನು ತೀರಿಸಬೇಕೇ?

ಹಾಸನದ ಅಣ್ಣ (ಪ್ರಶ್ನೆ):

ನನ್ನ ತಮ್ಮನಿಗೆ ಇಪ್ಪತ್ತಾರು ವರ್ಷ. ಡಿಪ್ಲೊಮಾ ಮುಗಿಸಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾನೆ. ಕುಡಿತವಿಲ್ಲ, ಸಿಗರೇಟಿಲ್ಲ; ಲೆಕ್ಕದಲ್ಲಿ ನನಗಿಂತ ಚುರುಕು. ಕಳೆದ ತಿಂಗಳು ಸಂಬಂಧಿಕರ ಮದುವೆಗೆ ಹೊರಟ ಅಮ್ಮ ಬೀರುವಿನಲ್ಲಿ ತನ್ನ ಎರಡೆಳೆ ಸರ ಹುಡುಕಿದಾಗ ಅದು ಗಿರವಿ ಅಂಗಡಿಯಲ್ಲಿದೆಯೆಂದು ತಿಳಿಯಿತು. ವಿಚಾರಿಸುತ್ತ ಹೋದಂತೆ ಒಟ್ಟು ನಾಲ್ಕು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ ಸಾಲ ಹೊರಬಿತ್ತು.

ಐಪಿಎಲ್ ಪಂದ್ಯಗಳಿಗೆ ನೂರು, ಇನ್ನೂರು ಕಟ್ಟುವುದರಿಂದ ಶುರುವಾಗಿ, ಪಂದ್ಯವಿಲ್ಲದ ದಿನಗಳಲ್ಲಿ ವಿಮಾನ ಮೇಲೇರುವ ಆಟಕ್ಕೆ (ಅದು ಏರಿದಂತೆ ಕಟ್ಟಿದ ಹಣ ಎಷ್ಟು ಪಟ್ಟಾಯಿತೆಂಬ ಅಂಕಿಯೂ ಏರುತ್ತದೆ; ವಿಮಾನ ಹಾರಿಹೋಗುವ ಮೊದಲು ಗುಂಡಿ ಒತ್ತಿದರೆ ಅಷ್ಟು ಹಣ, ಇಲ್ಲದಿದ್ದರೆ ಕಟ್ಟಿದ್ದೂ ಹೋಯಿತು) ಬಂದು, ಕಡೆಗೆ ಅದೊಂದೇ ಉಳಿಯಿತಂತೆ. ಈಗ ಅವನು ಹೇಳುವುದಿಷ್ಟು: "ಅಣ್ಣ, ಈ ಸಲ ಸಾಲ ತೀರಿಸಿಕೊಡು, ಇನ್ನು ಮುಟ್ಟುವುದಿಲ್ಲ." ನನ್ನ ಬಳಿ ಸೈಟು ಕೊಳ್ಳಲು ಕೂಡಿಟ್ಟ ಹಣವಿದೆ. ಕೊಡಬೇಕೇ? ಇಂಥ ಆಟಗಳನ್ನು ನಿಷೇಧಿಸಲಾಗಿದೆ ಎಂದು ಓದಿದ್ದೆ. ಹಾಗಿದ್ದರೆ ಅವನ ಫೋನಿನಲ್ಲಿ ಅದು ಇನ್ನೂ ಹೇಗೆ ತೆರೆದುಕೊಳ್ಳುತ್ತಿದೆ?

ನಿವೃತ್ತ ಮೇಷ್ಟರು:

ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವನಾದ್ದರಿಂದ ಲೆಕ್ಕದ ಮಾತನ್ನಷ್ಟೇ ಹೇಳುತ್ತೇನೆ. ವಿಮಾನದ ಆಟದ ಪ್ರಸಿದ್ಧ ರೂಪದಲ್ಲಿ, ಕಟ್ಟಿದ ಪ್ರತಿ ನೂರು ರೂಪಾಯಿಗೆ ಸರಾಸರಿ 97 ರೂಪಾಯಿ ಹಿಂದಿರುಗುತ್ತದೆ ಎಂದು ಅದನ್ನು ತಯಾರಿಸಿದವರೇ ಹೇಳಿಕೊಂಡಿದ್ದಾರೆ. ಮೂರೇ ರೂಪಾಯಿ ನಷ್ಟ ಎನ್ನಿಸುತ್ತದೆ. ಆದರೆ ಒಂದು ಸುತ್ತು ಅರ್ಧ ನಿಮಿಷ ಎಂದಿಟ್ಟುಕೊಂಡರೆ ಗಂಟೆಗೆ 120 ಸುತ್ತು. ಸುತ್ತಿಗೆ ನೂರರಂತೆ ಕಟ್ಟಿದರೆ 12,000 ರೂಪಾಯಿ ಕೈಬದಲಾಗಿ, ಸರಾಸರಿ 360 ರೂಪಾಯಿ ಹೋಗುತ್ತದೆ. ಸಾವಿರ ರೂಪಾಯಿ ಇಟ್ಟುಕೊಂಡು ಕುಳಿತವನು ಮೂರು ಗಂಟೆಯೊಳಗೆ ಬರಿಗೈಯಾಗುವುದು ದುರದೃಷ್ಟದಿಂದಲ್ಲ, ಆ ಆಟದ ವೇಗದಿಂದ. ನಮ್ಮ ಕಾಲದ ಮಟ್ಕಾದಲ್ಲಿ ನಂಬರು ಬರುವವರೆಗೆ ಗಂಟೆಗಟ್ಟಲೆ ಕಾಯಬೇಕಿತ್ತು, 2007ರಲ್ಲಿ ರಾಜ್ಯದಲ್ಲಿ ನಿಷೇಧವಾದ ಲಾಟರಿಗೂ ಅಂಗಡಿಯವರೆಗೆ ನಡೆದುಹೋಗಬೇಕಿತ್ತು. ಆ ನಡಿಗೆಯಲ್ಲಿ ಕೆಲವರಿಗಾದರೂ ಬುದ್ಧಿ ಬರುತ್ತಿತ್ತು.

ನಿಮ್ಮ ತಮ್ಮ ಲೆಕ್ಕದಲ್ಲಿ ಚುರುಕು ಎಂದಿರಿ. ಅಂಥವರು ಸಾಮಾನ್ಯವಾಗಿ ಬೀಳುವ ಹಳ್ಳವೊಂದಿದೆ: ಸೋತಾಗಲೆಲ್ಲ ಪಣವನ್ನು ಇಮ್ಮಡಿಗೊಳಿಸಿದರೆ ಒಂದು ಗೆಲುವಿನಲ್ಲಿ ಎಲ್ಲವೂ ವಾಪಸು ಬರುತ್ತದೆ ಎಂಬ ನಂಬಿಕೆ. ನೂರರಿಂದ ಆರಂಭಿಸಿ ಸತತ ಎಂಟು ಸಲ ಸೋತರೆ ಹೋದದ್ದು 25,500 ರೂಪಾಯಿ. ಒಂಬತ್ತನೆಯ ಸಲ 25,600 ಕಟ್ಟಬೇಕು, ಗೆದ್ದರೂ ಒಟ್ಟು ಲಾಭ ಬರೀ ನೂರು. ದಿನಕ್ಕೆ ನೂರಾರು ಸುತ್ತು ಆಡುವವನಿಗೆ ಎಂಟು ಸಲ ಸತತ ಸೋಲು ಅಪರೂಪವೇನಲ್ಲ.

ಮೈದಾನದ ಮೂಲೆ:

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪಂದ್ಯಕ್ಕೆ 49 ರೂಪಾಯಿ ಕಟ್ಟಿ ತಂಡ ಆರಿಸುವ ಆಟವನ್ನು ನಾನು ಹಲವು ವರ್ಷ ಆಡಿದ್ದೇನೆ. ಚಿನ್ನಸ್ವಾಮಿ ಅಂಗಳದಲ್ಲಿ ಸಂಜೆಯ ಇಬ್ಬನಿ ಯಾರಿಗೆ ನೆರವಾಗುತ್ತದೆ ಎಂದು ಯೋಚಿಸುವುದರಲ್ಲಿ ನಿಜವಾದ ಸಂತೋಷವಿತ್ತು, ಸಾಲವೆಂದೂ ಆಗಲಿಲ್ಲ. ಆದರೆ ಒಂದನ್ನು ಒಪ್ಪಿಕೊಳ್ಳಬೇಕು: ವರ್ಷದ ಕೊನೆಗೆ ಕೂಡಿ ಕಳೆದು ನೋಡಿದಾಗ ಒಂದು ವರ್ಷವೂ ನಾನು ಲಾಭದಲ್ಲಿರಲಿಲ್ಲ.

ಆಡಿ ಬಿಟ್ಟವನು:

ಮೂರು ವರ್ಷ ಆಡಿದ್ದೇನೆ. ಮೇಷ್ಟರ ಲೆಕ್ಕ ನನಗೂ ಗೊತ್ತಿತ್ತು, ಗೊತ್ತಿದ್ದೂ ಆಡಿದೆ. ರಾತ್ರಿ ಹೆಂಡತಿ ಮಲಗಿದ ಮೇಲೆ ಹೊದಿಕೆಯೊಳಗೆ ಫೋನಿನ ಬೆಳಕು ತಗ್ಗಿಸಿಕೊಂಡು ಕೂರುತ್ತಿದ್ದೆ. ವಿಮಾನ 1.4, 1.7, 2.0 ಎಂದು ಏರುವಾಗ ಹೆಬ್ಬೆರಳು ಗುಂಡಿಯ ಮೇಲೆಯೇ ಇರುತ್ತದೆ. 2ಕ್ಕೆ ಒತ್ತಿ ಹಣ ದುಪ್ಪಟ್ಟಾಯಿತು ಎಂದುಕೊಳ್ಳುವಷ್ಟರಲ್ಲಿ ಅದು 14ರವರೆಗೆ ಹಾರಿದರೆ, ಗೆದ್ದವನಿಗೂ ಹನ್ನೆರಡು ಪಟ್ಟು ಕಳೆದುಕೊಂಡಂತೆ ಹೊಟ್ಟೆ ಉರಿಯುತ್ತದೆ. ಪಕ್ಕದಲ್ಲಿ ಯಾರ್ಯಾರೋ ಗೆದ್ದ ಮೊತ್ತಗಳು ಸಾಲಾಗಿ ಸರಿಯುತ್ತಿರುತ್ತವೆ. ಅವು ನಿಜವಾದ ಜನರೋ ಅಲ್ಲವೋ ಎಂದು ಕೇಳಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ಹಣ ತುಂಬುವುದು ಕ್ಷಣದ ಕೆಲಸ, ಹಿಂಪಡೆಯಲು ಎರಡು ದಿನ. ಆ ಎರಡು ದಿನವೂ ಕೋರಿಕೆಯನ್ನು ರದ್ದುಮಾಡುವ ಗುಂಡಿ ಕಣ್ಣೆದುರೇ ಇರುತ್ತದೆ. ಒಮ್ಮೆ 38,000 ಗೆದ್ದು ಹಿಂಪಡೆಯಲು ಹಾಕಿ, ರಾತ್ರಿ ಎರಡು ಗಂಟೆಗೆ ನಾನೇ ಎದ್ದು ರದ್ದುಮಾಡಿ, ಬೆಳಗಿನ ಹಾಲು ಬರುವ ಮೊದಲು ಪೂರ್ತಿ ಕಳೆದೆ.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನನ್ನ ತಂದೆ ಒಂದು ಲಕ್ಷದ ಹತ್ತು ಸಾವಿರ ಕೊಟ್ಟು ನನ್ನ ಸಾಲ ತೀರಿಸಿದರು. ಇನ್ನೊಂದು ಸಾಲವನ್ನು ಅವರಿಂದ ಮುಚ್ಚಿಟ್ಟಿದ್ದೆ. ತೀರಿಸಿದ ಸಾಲದ ಆ್ಯಪ್‌ನವರು "ಒಳ್ಳೆಯ ಗ್ರಾಹಕ" ಎಂದು ಮಿತಿಯನ್ನು ಏರಿಸಿದರು. ಹನ್ನೊಂದನೆಯ ದಿನಕ್ಕೆ ನಾನು ಮತ್ತೆ ಆಡುತ್ತಿದ್ದೆ. ಹಾಗಾಗಿ ಅವನ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಾಲಗಳ ಪೂರ್ತಿ ಪಟ್ಟಿಯನ್ನು ಬರೆಸಿಕೊಳ್ಳಿ, ಸಿಬಿಲ್ ವರದಿ (ಅವನ ಹೆಸರಿನಲ್ಲಿರುವ ಸಾಲಗಳ ದಾಖಲೆ) ತೆಗೆಸಿ ತಾಳೆ ನೋಡಿ, ಕೊಡುವುದಿದ್ದರೆ ಸಾಲ ಕೊಟ್ಟವರಿಗೇ ನೇರವಾಗಿ ಕೊಟ್ಟು ರಸೀದಿ ಪಡೆಯಿರಿ. ಸಂಬಳ ಬರುವ ಖಾತೆಗೆ ಯುಪಿಐ ಇರದಂತೆ ಅವನೇ ಒಪ್ಪಿ ತೆಗೆಸಲಿ. ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 'ಶಟ್' ಕ್ಲಿನಿಕ್ ಇದೆ. ಪೀಣ್ಯದಲ್ಲಿರುವವನಿಗೆ ಅದು ದೂರವಲ್ಲ. ಅವನು ಮುಖಾಮುಖಿ ಮಾತಿಗೆ ಹಿಂಜರಿದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿಸಿ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಬ್ಯಾಂಕ್ ಕೌಂಟರ್‌ನಿಂದ:

ಕಾನೂನಿನ ಪ್ರಶ್ನೆಗೆ ನನ್ನ ಉತ್ತರ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ನಿಷೇಧವನ್ನು ನಮ್ಮ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತ್ತು. ಆಗ ಕೌಶಲದ ಆಟವೋ ಅದೃಷ್ಟದ ಆಟವೋ ಎಂಬುದೇ ದೊಡ್ಡ ವಾದ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆ ಆ ವ್ಯತ್ಯಾಸವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ನಡೆಸುವವರಿಗೆ 3 ವರ್ಷದವರೆಗೆ ಸೆರೆ ಮತ್ತು 1 ಕೋಟಿಯವರೆಗೆ ದಂಡ, ಜಾಹೀರಾತು ನೀಡುವವರಿಗೆ 2 ವರ್ಷ ಮತ್ತು 50 ಲಕ್ಷದವರೆಗೆ. ಆಡುವವನಿಗೆ ಆ ಕಾಯ್ದೆಯಡಿ ಶಿಕ್ಷೆಯಿಲ್ಲ. ತಂಡ ಆರಿಸುವ ಆಟ ನಡೆಸುತ್ತಿದ್ದ ಡ್ರೀಮ್11ನಂಥ ದೇಶೀ ಕಂಪನಿಗಳು ಹಣದ ಸ್ಪರ್ಧೆಗಳನ್ನು ಆಗಲೇ ನಿಲ್ಲಿಸಿದವು. ಈಗಲೂ ತೆರೆದುಕೊಳ್ಳುವುದು ವಿದೇಶದಿಂದ ನಡೆಯುವ, ಒಂದು ವಿಳಾಸ ಮುಚ್ಚಿಸಿದರೆ ಇನ್ನೊಂದರಲ್ಲಿ ತಲೆಯೆತ್ತುವ ತಾಣಗಳು; ವಾಟ್ಸ್‌ಆ್ಯಪ್‌ನಲ್ಲಿ 'ಐಡಿ' (ಆಡಲು ಬೇಕಾದ ಖಾತೆ) ಕೊಡುವ ಏಜೆಂಟರೇ ಅವುಗಳ ಬಾಗಿಲು.

ನನ್ನ ಕೌಂಟರಿನಲ್ಲಿ ಕಾಣುವುದು ಅದರ ಇನ್ನೊಂದು ಮುಖ. ಹಣ ತುಂಬುವಾಗ ಪ್ರತಿ ಸಲವೂ ಬೇರೆ ಬೇರೆ ಯುಪಿಐ ವಿಳಾಸ ಕೊಡುತ್ತಾರೆ: ಇಂದು ಎಲ್ಲಿಯದೋ ಕಿರಾಣಿ ಅಂಗಡಿ, ನಾಳೆ ಯಾರೋ ವಿದ್ಯಾರ್ಥಿ. ಕಮಿಷನ್ ಆಸೆಗೆ ಬಾಡಿಗೆಗೆ ಕೊಟ್ಟ ಖಾತೆಗಳವು. ಗೆದ್ದ ಹಣ ಅಂಥದೇ ಖಾತೆಯಿಂದ ಬಂದು, ಅದು ಬೇರೆ ರಾಜ್ಯದಲ್ಲಿ ಯಾರೋ ಮೋಸಹೋದ ಹಣವಾಗಿದ್ದರೆ, ಅಲ್ಲಿನ ಸೈಬರ್ ಪೊಲೀಸರ ಸೂಚನೆಯಂತೆ ನಿಮ್ಮ ತಮ್ಮನ ಸಂಬಳದ ಖಾತೆಯೇ ಸ್ತಂಭನವಾಗುತ್ತದೆ. ಎರಡು ಸಾವಿರ ರೂಪಾಯಿ ಗೆಲುವಿಗಾಗಿ ಮೂರು ತಿಂಗಳು ಸಂಬಳ ಮುಟ್ಟಲಾಗದೆ ಅಲೆದವರನ್ನು ನೋಡಿದ್ದೇನೆ.

ಸಾಲಗಳನ್ನೂ ಬೇರ್ಪಡಿಸಿ ನೋಡಿ. ಗಿರವಿ, ಬ್ಯಾಂಕ್ ಸಾಲ ತೀರಿಸಲೇಬೇಕಾದವು. ಮೊದಲು ಸರ ಬಿಡಿಸಿ. ಏಜೆಂಟ್ "ಬಾಕಿ" ಎಂದು ಕೇಳುತ್ತಿದ್ದರೆ, ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಕರಾರು ಅಸಿಂಧು, ಅದನ್ನು ನ್ಯಾಯಾಲಯದ ಮೂಲಕ ವಸೂಲು ಮಾಡಲಾಗದು. ಫೋಟೊ ತಿರುಚಿ ಕಳಿಸುತ್ತೇವೆಂದು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಿ. ಹಣ ವಂಚನೆಯಾಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಾಸನದ ಅಣ್ಣ:

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ನಾನೇ ಗಿರವಿ ಅಂಗಡಿಗೆ ಹೋಗಿ ಸರ ಬಿಡಿಸಿಕೊಂಡು ಬಂದೆ. ಪಟ್ಟಿ ಬರೆಸಿದಾಗ ನಾಲ್ಕು ಲಕ್ಷದ ಇಪ್ಪತ್ತು ಸಾವಿರವು ಐದು ಲಕ್ಷದ ಐದು ಸಾವಿರವಾಯಿತು. ಮುಚ್ಚಿಟ್ಟ ಸಾಲ ಇವನಲ್ಲೂ ಇತ್ತು. ಮಂಗಳವಾರ ಆಸ್ಪತ್ರೆಗೆ ಬರಲು ಒಪ್ಪಿದ್ದಾನೆ. ನಿನ್ನೆ ಮತ್ತೆ ಆಡಿದೆಯಾ ಎಂದು ಫೋನಿನಲ್ಲಿ ವಿಚಾರಿಸಿದಾಗ, "ಇಲ್ಲಣ್ಣ, ಹಣ ಹಾಕಲಿಲ್ಲ, ಸುಮ್ಮನೆ ನೋಡುತ್ತಿದ್ದೆ. 43ರವರೆಗೆ ಹೋಯಿತು" ಎಂದ. ಇದನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯುತ್ತಿಲ್ಲ.

ಆಡಿ ಬಿಟ್ಟವನು:

ಬಿಟ್ಟ ಮೊದಲ ತಿಂಗಳು ನಾನೂ ಹಾಗೆಯೇ ನೋಡುತ್ತಿದ್ದೆ, ಅದು ನೋಡುವುದಷ್ಟಕ್ಕೇ ಉಳಿಯಲಿಲ್ಲ. ಬೈಯಬೇಡಿ. ನಿಮಗೆ ಹೇಳಿದ್ದೇ ಒಳ್ಳೆಯದಾಯಿತು. ಮಂಗಳವಾರ ಆ 43ರ ಮಾತನ್ನು ಡಾಕ್ಟರಿಗೂ ಅವನ ಬಾಯಿಂದಲೇ ಹೇಳಿಸಿ.