ಕಂದು ಬಣ್ಣದ ಬ್ರಿಟಿಷ್ ವಾರ್ ಮೆಡಲ್: ನಕಲಿಯೋ?

ಪೆರ್ಲದವ (ಪ್ರಶ್ನೆ)

ಬದಿಯಡ್ಕ ಕಡೆಯ ಒಂದು ಹಳೇ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಇರುವ ನಾಲ್ಕು ವಸ್ತುಗಳ ಬಗ್ಗೆ ತಿಳಿದವರು ಹೇಳಬೇಕು.

ಒಂದು: ದುಂಡು ಪದಕ, ಒಂದನೇ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲಿನಂತೆ ಕಾಣುತ್ತದೆ. ಮುಂದೆ ಐದನೇ ಜಾರ್ಜನ ತಲೆ, ಹಿಂದೆ ಕುದುರೆ ಮೇಲೆ ಬತ್ತಲೆ ಸವಾರ, ಅಕ್ಕಪಕ್ಕ 1914 ಮತ್ತು 1918. ಎಲ್ಲ ಕಡೆ ಇದು ಬೆಳ್ಳಿಯದು ಎಂದೇ ಬರೆದಿದ್ದಾರೆ, ಇದರದ್ದು ಹಳೇ ತಾಮ್ರದ ಚೊಂಬಿನ ಬಣ್ಣ. ಪೇಟೆಯ ಅಕ್ಕಸಾಲಿಗರು ನಕಲಿ ಎಂದರು. ಅಂಚಿನ ಅಕ್ಷರಗಳಲ್ಲಿ ‘ಲೇಬರ್’ ಎಂಬಷ್ಟು ಮಾತ್ರ ಓದಲು ಬರುತ್ತದೆ.
ಎರಡು: ಬೆಳ್ಳಿಯದು, ಹಿಂದೆ ಕೋಟೆಯ ಚಿತ್ರ, ಮೇಲೆ ‘ಮಲಬಾರ್ 1921-22’ ಎಂಬ ಅಡ್ಡಪಟ್ಟಿ.
ಮೂರು: ಸಿಂಹ ಎಂತದ್ದನ್ನೋ ತುಳಿಯುವ ಚಿತ್ರ, 1939-1945.
ನಾಲ್ಕು: ಉದ್ದದ ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ), ಅಲಗಿನ ಬುಡದಲ್ಲಿ 1907.

ಮೂರೂ ಪದಕ ಒಬ್ಬನದ್ದೇ ಎಂದು ತಿಳಿಯುವುದು ಹೇಗೆ? ಹುಣಸೆಹುಳಿ ಹಾಕಿ ಉಜ್ಜಿದರೆ ಅಂಚು ಓದಲು ಬಂದೀತೇ?

ಚಂದ್ರಗಿರಿ ತೀರ

ಹುಣಸೆಹುಳಿ ಬೇಡ ಮಾರಾಯ್ರೆ! ಬೂದಿಯೂ ಬೇಡ, ಟೂತ್‌ಪೇಸ್ಟೂ ಬೇಡ. ಹುಳಿಯ ಆಮ್ಲ ನೂರು ವರ್ಷದ ಕಂದು ಪದರವನ್ನು ಎರಡು ನಿಮಿಷದಲ್ಲಿ ಕರಗಿಸುತ್ತದೆ, ಬೂದಿ ಅಕ್ಷರದ ಮೂಲೆ ಸವೆಸುತ್ತದೆ. ಒಂದನೇ ಯುದ್ಧದ ಸಾಮೂಹಿಕ ಪದಕ ಲಕ್ಷಗಟ್ಟಲೆ ಟಂಕಿಸಿದ್ದು, ಒಂದರಿಂದ ಇನ್ನೊಂದಕ್ಕೆ ವ್ಯತ್ಯಾಸ ಇರುವುದು ಪಡೆದವನ ನಂಬರು, ಹೆಸರು, ದಳ ಹಾಕಿದ ಅಂಚಿನಲ್ಲಿ ಮಾತ್ರ. ಅದು ಸವೆದರೆ ಉಳಿಯುವುದು ಲೋಹದ ತೂಕ.

ಇನ್ನು ಬಣ್ಣ. ಅಕ್ಕಸಾಲಿಗರು ಬೆಳ್ಳಿ ನೋಡಿ ಅಭ್ಯಾಸ ಇರುವವರು, ಹಾಗೆ ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ. ಬ್ರಿಟಿಷ್ ವಾರ್ ಮೆಡಲನ್ನು ಎರಡು ಲೋಹದಲ್ಲಿ ಕೊಟ್ಟರು. ಬೆಳ್ಳಿಯದು ಸುಮಾರು 65 ಲಕ್ಷ. ಕಂಚಿನದು ಸುಮಾರು 1,10,000 ಮಾತ್ರ, ಅದು ಹೋದದ್ದು ಚೀನಾ ಮತ್ತು ಮಾಲ್ಟಾದ ಕೂಲಿ ದಳಗಳಿಗೆ, ನಮ್ಮ ಕಡೆಯಿಂದ ಹೋದ ಕೂಲಿಗಳು, ಹೊರೆಯಾಳುಗಳು, ಸೇನೆಯ ಹಿಂದೆ ದುಡಿದ ಕೆಲಸದವರಿಗೆ. ನಮ್ಮವರಲ್ಲಿ ಬಂದೂಕು ಹಿಡಿದವನಿಗೆ ಬೆಳ್ಳಿ, ಹೊರೆ ಹೊತ್ತವನಿಗೆ ಕಂಚು. ಅಂಚಿನಲ್ಲಿ ‘ಲೇಬರ್’ ಇದ್ದು ಲೋಹ ಕಂಚು ಎಂದರೆ ಎರಡೂ ಒಂದಕ್ಕೊಂದು ಸರಿಯಾಗಿ ಕೂರುತ್ತವೆ.

ಅಂಚು ಓದುವ ಕ್ರಮ: ಪದಕದ ವ್ಯಾಸ 36 ಮಿ.ಮೀ., ಸುತ್ತಳತೆ ಸುಮಾರು 113 ಮಿ.ಮೀ. ಬಟರ್ ಪೇಪರಿನಿಂದ 13 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ಅಂಚಿಗೆ ಬಿಗಿಯಾಗಿ ಸುತ್ತಿ. 4ಬಿ ಪೆನ್ಸಿಲನ್ನು ಮಲಗಿಸಿ ಹಗುರವಾಗಿ ಎಳೆಯಿರಿ. ಕಾಗದ ಜಾರಿದರೆ ಅಕ್ಷರ ಎರಡೆರಡಾಗಿ ಬರುತ್ತದೆ, ಆಗ ಹೊಸ ಪಟ್ಟಿ ತೆಗೆದುಕೊಳ್ಳಿ. ಹೀಗೂ ಬಾರದಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಅಂಚಿಗೆ ಬಹುತೇಕ ಸಮಾನಾಂತರವಾಗಿ ಹಿಡಿದು, ಪದಕವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಏಳೆಂಟು ಫೋಟೋ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನ ನೆರಳಿನಲ್ಲಿ ಕಾಣುತ್ತದೆ.

ಉಪ್ಪಳ ಸ್ಟೇಷನ್

ಎರಡನೆಯದು ಇಂಡಿಯಾ ಜನರಲ್ ಸರ್ವಿಸ್ ಮೆಡಲ್, 1908ರ ಮಾದರಿ. ಹಿಂದಿನ ಚಿತ್ರ ಖೈಬರ್ ದಾರಿಯ ಜಮ್ರುದ್ ಕೋಟೆ, ಬೇಕಲ ಅಲ್ಲ (ಹಾಗೆ ಹೇಳುವವರಿದ್ದಾರೆ). ಮಲಬಾರ್ ಪಟ್ಟಿ ಮಾಪಿಳ್ಳೆ ದಂಗೆ ಹತ್ತಿಕ್ಕಲು ಹೋದ ಪಡೆಗಳಿಗೆ ಕೊಟ್ಟದ್ದು. ಈ ಪದಕದಲ್ಲಿ ಮೂರು ಕಡೆ ನೋಡಿ.

ರಾಜನ ತಲೆಯ ಸುತ್ತಲ ಬರಹ ‘ಕೈಸರ್-ಇ-ಹಿಂದ್’ (ಭಾರತದ ಚಕ್ರವರ್ತಿ) ಎಂದು ಮುಗಿಯಬೇಕು. ಅದೇ ಅರ್ಥದ ಲ್ಯಾಟಿನ್ ‘ಇಂಡಿಯೇ ಇಂಪ್’ ಎಂದಿದ್ದರೆ ಅದು 1930ರ ನಂತರದ ಅಚ್ಚು, ಅದಕ್ಕೆ ಯಾರೋ ಮಲಬಾರ್ ಪಟ್ಟಿ ಆಮೇಲೆ ಸೇರಿಸಿದ್ದು. ಲೋಹ ಬೆಳ್ಳಿಯೇ ಇರಬೇಕು. ಈ ಪದಕದ ಕಂಚಿನ ರೂಪ ಕೊಟ್ಟದ್ದು 1908ರ ವಾಯವ್ಯ ಗಡಿ ಕಾಳಗಕ್ಕೂ 1911-12ರ ಅಬೋರ್ (ಈಗಿನ ಅರುಣಾಚಲದ ಕಡೆ) ಕಾಳಗಕ್ಕೂ ಮಾತ್ರ. ಮೂರನೆಯದಾಗಿ, ಪದಕವನ್ನು ರಿಬ್ಬನ್ನಿಗೆ ತೂಗುಹಾಕುವ ಕಂಬಿ ಪದಕಕ್ಕೆ ಸೇರುವ ಹಿಡಿ: ಲಂಡನ್ ಟಂಕಸಾಲೆಯದ್ದರಲ್ಲಿ ಅಲಂಕಾರ ಉಂಟು, ಕಲ್ಕತ್ತದ್ದು ಬೋಳು. ಬೋಳು ಕಂಡ ಕೂಡಲೇ ನಕಲಿ ಎನ್ನಬೇಡಿ.

ಮೂರನೆಯದು ವಾರ್ ಮೆಡಲ್ 1939-45, ನಿಕ್ಕಲ್ ಬೆರೆತ ತಾಮ್ರದ್ದು. ಸಿಂಹ ತುಳಿಯುವುದು ಎರಡು ತಲೆಯ ಡ್ರ್ಯಾಗನನ್ನು. ಬ್ರಿಟನ್ನಿನ ಸೈನಿಕರಿಗೆ ಇದನ್ನು ಹೆಸರು ಕೆತ್ತದೆ ಕೊಟ್ಟರು, ಭಾರತೀಯ ಸೇನೆಯವರದ್ದಕ್ಕೆ ಅಂಚಿನಲ್ಲಿ ಹೆಸರು ಹಾಕಿಸಿಯೇ ಕೊಟ್ಟರು. ಅದನ್ನೂ ಓದಿ ಹೇಳಿ. ಒಂದನೇ ಯುದ್ಧಕ್ಕೆ ಹೋದವನೇ ಇದನ್ನೂ ಪಡೆದ ಎಂಬುದಕ್ಕಿಂತ ಮುಂದಿನ ತಲೆಮಾರಿನವರದ್ದು ಎಂಬುದೇ ಹೆಚ್ಚು ಸಂಭವ.

ಪೆರ್ಲದವ

ಪೆನ್ಸಿಲ್ ಕ್ರಮದಲ್ಲಿ ಮೂರೂ ಓದಲು ಬಂತು. ಕಂಚಿನದರಲ್ಲಿ ನಂಬರು, ಒಂದು ಹೆಸರು, ‘ಲೇಬರ್ ಕೋರ್’. 1939-45ರದ್ದರಲ್ಲಿ ಅದೇ ಮನೆತನದ ಇನ್ನೊಂದು ಹೆಸರು, ‘ಆರ್.ಐ.ಎ.ಎಸ್.ಸಿ.’ ಎಂದು. ಮಲಬಾರಿನದ್ದರಲ್ಲಿ ಸಂಬಂಧವೇ ಇಲ್ಲದ ಹೆಸರು, ಅಕ್ಷರ ಸ್ವಲ್ಪ ಸೊಟ್ಟ. ಬರಹ ‘ಕೈಸರ್-ಇ-ಹಿಂದ್’ ಎಂದೇ ಉಂಟು. ವರ್ನಿಯರ್‌ನಲ್ಲಿ ವ್ಯಾಸ ಅಳೆದರೆ ಕಂಚು 36.0 ಮಿ.ಮೀ., ಮಲಬಾರಿನದ್ದು 35.4.

ಉಪ್ಪಳ ಸ್ಟೇಷನ್

ಹಾಗಾದರೆ ಉತ್ತರ ಸಿಕ್ಕಿತು. ಮಲಬಾರಿನ ಪದಕ ಅಸಲಿ, ಅದರ ಮೇಲಿನ ಹೆಸರು ಆಮೇಲಿನದು. ಅದೂ 36 ಮಿ.ಮೀ. ಇರಬೇಕಾದದ್ದು. ಹಳೇ ಹೆಸರನ್ನು ಅರದಿಂದ ಉಜ್ಜಿ ತೆಗೆದು ಹೊಸದು ಕೊರೆದರೆ ವ್ಯಾಸ ಅರ್ಧ ಮಿ.ಮೀ. ಆಸುಪಾಸು ಇಳಿಯುತ್ತದೆ. ಆದರೂ ನಾಲ್ಕೈದು ದಿಕ್ಕಿನಲ್ಲಿ ಅಳೆಯಿರಿ. ಬಿದ್ದು ಅಂಚು ಜಜ್ಜಿದ್ದರೆ ಒಂದು ದಿಕ್ಕಿನಲ್ಲಿ ಮಾತ್ರ ಕಡಿಮೆ ತೋರಿಸುತ್ತದೆ. ಎಲ್ಲ ದಿಕ್ಕಿಗೂ 35.4 ಎಂದರೆ ಅರ ಹಾಕಿದ್ದೇ. ಮೋಸ ಎಂದೇ ತಿಳಿಯಬೇಕಿಲ್ಲ. ತನ್ನ ಪದಕ ಕಳೆದುಕೊಂಡ ಸಿಪಾಯಿ ಪೆರೇಡಿಗೆ ಬೇಕೆಂದು ಬಜಾರಿನಲ್ಲಿ ಇನ್ನೊಬ್ಬನದ್ದು ಕೊಂಡು ಹೆಸರು ಹಾಕಿಸಿಕೊಳ್ಳುವುದು ಆಗ ಇತ್ತು.

ಆರ್.ಐ.ಎ.ಎಸ್.ಸಿ. ಎಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್: ರೇಷನ್, ಲಾರಿ, ಹೇಸರಗತ್ತೆಗಳ ಸಾಗಾಟ.

ಮಂಜೇಶ್ವರ ಕಡಲು

ಬಯೊನೆಟ್ ಬಗ್ಗೆ ಯಾರೂ ಹೇಳಲಿಲ್ಲ. 1907 ಎಂಬುದು ಮಾದರಿಯ ಇಸವಿ, ತಯಾರಾದ ಇಸವಿ ಅಲ್ಲ. ಅದರ ಕೆಳಗೆ ತಿಂಗಳು-ವರ್ಷದ ಸಣ್ಣ ಅಂಕಿ ಇರುತ್ತದೆ, ತಯಾರಕರ ಹೆಸರೂ ಅಲ್ಲೇ. ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯದ್ದಾದರೆ ‘ಆರ್.ಎಫ್.ಐ.’ ಎಂದಿರುತ್ತದೆ. ಅಲಗು 17 ಇಂಚು ಇದ್ದರೆ ಮೂಲ ಅಳತೆ, 12 ಇಂಚಾದರೆ ಎರಡನೇ ಯುದ್ಧಕಾಲದ ಭಾರತೀಯ ರೂಪ. ಹಿಡಿಯ ತುದಿಯ ಲೋಹದಲ್ಲಿ ಆರಪಾರ ಸಣ್ಣ ತೂತು ಉಂಟೋ ನೋಡಿ, ಅದು 1916ರಲ್ಲಿ ಬಂದದ್ದು. ಹಳೆಯವಕ್ಕೂ ಆಮೇಲೆ ಕೊರೆದದ್ದು ಇರುವುದರಿಂದ ತೂತು ಇದೆ ಎಂಬುದು ಸಾಕ್ಷಿಯಲ್ಲ, ತೂತು ಇಲ್ಲ ಎಂಬುದು ಸಾಕ್ಷಿ.

ಅಲಗನ್ನು ಚರ್ಮದ ಒರೆಯಲ್ಲಿ ಇಡಬೇಡಿ. ನಮ್ಮ ಮಳೆಗಾಲದಲ್ಲಿ ಚರ್ಮ ನೀರು ಹೀರಿ ಒಳಗಿಂದಲೇ ತುಕ್ಕು ಹಿಡಿಸುತ್ತದೆ. ಹೊಲಿಗೆ ಮೆಷಿನಿನ ಎಣ್ಣೆ ತೆಳುವಾಗಿ ಸವರಿ ಬೇರೆಯಾಗಿಡಿ. ತೆಂಗಿನೆಣ್ಣೆ ಸವರಬೇಡಿ, ಕನರಿ ಅಂಟಾಗಿ ಧೂಳು ಹಿಡಿಯುತ್ತದೆ. ಬಯೊನೆಟ್ ಆಯುಧ ಕಾಯ್ದೆಯ ಪಟ್ಟಿಯಲ್ಲಿ ಬರುವ ವಸ್ತು, ಠಾಣೆಯಲ್ಲಿ ವಿಚಾರಿಸದೆ ಮಾರುವುದು, ಸಾಗಿಸುವುದು ಬೇಡ.

ಚಂದ್ರಗಿರಿ ತೀರ

ಪದಕಗಳನ್ನು ಪಿವಿಸಿ ಪ್ಲಾಸ್ಟಿಕ್ ಆಲ್ಬಂನಲ್ಲಿ ಇಡಬೇಡಿ, ಅದು ಬಿಡುವ ಆಮ್ಲದಿಂದ ಹಸಿರು ಅಂಟು ಬರುತ್ತದೆ. ಬಟರ್ ಪೇಪರಿನಲ್ಲಿ ಒಂದೊಂದೇ ಸುತ್ತಿ, ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕಂಚಿನ ಮೇಲೆ ತಿಳಿಹಸಿರು ಪುಡಿ ಬಂದು, ಒರೆಸಿದರೂ ಮತ್ತೆ ಬಂದರೆ ಅದು ಉಪ್ಪಿನ ಗಾಳಿಯ ಕ್ಲೋರೈಡ್ ರೋಗ. ಆಗ ಮಾತ್ರ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ನೂರು ವರ್ಷ ದಾಟಿದ್ದನ್ನು ಪರದೇಶದ ಗಿರಾಕಿಗೆ ಅಂಚೆಯಲ್ಲಿ ಕಳುಹಿಸುವುದು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಅಪರಾಧ.

ಅಂದಹಾಗೆ ಪೆಟ್ಟಿಗೆಯ ತಳ ಮತ್ತೊಮ್ಮೆ ನೋಡಿ ಮಾರಾಯ್ರೆ. 1837ರ ಅಮರಸುಳ್ಯ ದಂಗೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರ ನಿಂತ ಕೊಡಗರಿಗೆ ಕೊಟ್ಟ ಪದಕದ ಒಂದು ಮುಖದ ಬರಹ ಕನ್ನಡದಲ್ಲೇ ಉಂಟು. 50 ಮಿ.ಮೀ. ಅಗಲದ್ದು, ಕೋವಿ ಹಿಡಿದ ಕೊಡವನ ಚಿತ್ರ. ಅಂಥದ್ದು ಕಂಡರೆ ಪೆನ್ಸಿಲೂ ಬೇಡ, ಮುಟ್ಟದೆ ಫೋಟೋ ಹಾಕಿ.