ಕಡಿಮೆ ಖರ್ಚಿನಲ್ಲಿ ದೂರದರ್ಶಕದ ಐಪೀಸ್: ಕೊಂಡವರು, ಕೈಸುಟ್ಟುಕೊಂಡವರು ತಿಳಿಸಿ

ಪ್ರಶ್ನೆ: ನನ್ನ ಬಳಿ 6 ಇಂಚಿನ ಡಾಬ್ಸೋನಿಯನ್ (ಕೈಯಿಂದ ನೂಕಿ ತಿರುಗಿಸುವ ಕನ್ನಡಿ ದೂರದರ್ಶಕ) ಇದೆ, ಸಂಗಮದೂರ 1200 ಮಿ.ಮೀ. ಅದರೊಂದಿಗೆ ಬಂದ, ಕಣ್ಣಿಡುವ ತುದಿಗೆ ತೊಡಿಸುವ 25 ಮತ್ತು 10 ಮಿ.ಮೀ. ಐಪೀಸ್‌ಗಳ ಹೊರತು ಬೇರೇನೂ ಇಲ್ಲ. ಶನಿಯನ್ನು ಇನ್ನಷ್ಟು ದೊಡ್ಡದಾಗಿ ನೋಡುವ ಆಸೆ. ಕೈಯಲ್ಲಿರುವುದು 6,000 ರೂಪಾಯಿ, ಕನ್ನಡಕ ಧರಿಸುತ್ತೇನೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹಾಸನದಿಂದ: ಪೆಟ್ಟಿಗೆಯ ಆಸೆಗೆ ಮಾತ್ರ ಬೀಳಬೇಡಿ. ಐದು ಪ್ಲಾಸೆಲ್ (ಸಾಮಾನ್ಯ ಬಗೆಯ ಐಪೀಸ್), ಒಂದು ಬಾರ್ಲೋ (ವರ್ಧನೆ ಹೆಚ್ಚಿಸುವ ಮಸೂರ), ಬಣ್ಣಬಣ್ಣದ ಫಿಲ್ಟರ್‌ಗಳಿದ್ದ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ನಾನು 13,400 ರೂಪಾಯಿ ಕೊಟ್ಟು ತರಿಸಿದೆ; ಸಾಗಣೆಗೆ ಮತ್ತೆ 380. ನನ್ನದೂ ನಿಮ್ಮಂಥದೇ ದೂರದರ್ಶಕ. 1200 ಅನ್ನು 4ರಿಂದ ಭಾಗಿಸಿ, 4 ಮಿ.ಮೀ. ಐಪೀಸ್ 300 ಪಟ್ಟು ವರ್ಧಿಸುತ್ತದೆಂಬ ಲೆಕ್ಕವೇನೋ ಸರಿ, ಆದರೆ ಕಣ್ಣಿಗೂ ಗಾಜಿಗೂ ನಡುವೆ ಮೂರು ಮಿಲಿಮೀಟರ್ ಕೂಡ ಉಳಿಯದೆ, ರೆಪ್ಪೆಗೂದಲು ತಾಗಿ ತಾಗಿ ಮಸೂರದ ಮೇಲೆ ಜಿಡ್ಡಿನ ಗೆರೆ ಮೂಡಿ, ಶನಿಯು ಗಂಜಿಯಲ್ಲಿ ಬಿದ್ದ ಕಾಳಿನಂತೆ ಕಾಣುತ್ತಿತ್ತು. ಎರಡು ವರ್ಷಗಳಾದರೂ ಹಸಿರು ಫಿಲ್ಟರನ್ನು ಒಮ್ಮೆಯೂ ತೊಡಿಸಿಲ್ಲ. ಬಳಕೆಯಲ್ಲಿರುವುದು 32 ಮಿ.ಮೀ. ಒಂದೇ, ಅದೊಂದನ್ನೇ ಬಿಡಿಯಾಗಿ ಕೊಂಡಿದ್ದರೆ ಪೆಟ್ಟಿಗೆಯ ಕಾಲುಭಾಗವೂ ಖರ್ಚಾಗುತ್ತಿರಲಿಲ್ಲ.

ಬೆಂಗಳೂರಿನಿಂದ: ಇದಕ್ಕಾಗಿಯೇ ನಾನು 8ರಿಂದ 24 ಮಿ.ಮೀ.ವರೆಗಿನ ಝೂಮ್ ಐಪೀಸ್ ಕೊಂಡದ್ದು, ಮತ್ತು ಆ ನಿರ್ಧಾರದ ಬಗ್ಗೆ ನನಗೆ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ. ಸುತ್ತಲಿನ ಮಹಡಿಗಳೆಲ್ಲ ಹಗಲಿನ ಬಿಸಿಯನ್ನು ರಾತ್ರಿ ಹತ್ತರವರೆಗೆ ಉಸಿರಾಡುವ ನಮ್ಮ ಬಡಾವಣೆಯಲ್ಲಿ ಗಾಳಿ ಎಷ್ಟು ವರ್ಧನೆಯನ್ನು ತಾಳುತ್ತದೆಂದು ಮೊದಲೇ ಹೇಳಲಾಗದು. ಉಂಗುರವನ್ನು ತಿರುಗಿಸುತ್ತಾ ಹೋಗಿ, ಬಿಂಬ ಕದಡುವ ಮುನ್ನ ನಿಲ್ಲಿಸಿದರೆ ಆಯಿತು. ಪೆಟ್ಟಿಗೆ ಕೊಂಡವರು ತಮ್ಮ ಅವಸರವನ್ನು ಎಲ್ಲ ಪ್ಲಾಸೆಲ್‌ಗಳ ತಲೆಗೆ ಕಟ್ಟುವುದು ಸರಿಯಲ್ಲ.

ಕುಂದಾಪುರದಿಂದ: 24ರಲ್ಲಿ ನಿಮ್ಮ ಝೂಮ್ ತೋರಿಸುವುದು ಕಣ್ಣಿಗೆ ಬರಿಯ 40 ಡಿಗ್ರಿ ಅಗಲದ ಕಿಂಡಿ ಎಂಬುದನ್ನು ಏಕೆ ಮುಚ್ಚಿಟ್ಟಿರಿ? 1200ರ ಕೊಳವೆಯಲ್ಲಿ, 50 ಪಟ್ಟು ವರ್ಧನೆಗೆ, ಅದು ಆಕಾಶದ 0.8 ಡಿಗ್ರಿ, ಕೃತ್ತಿಕೆಯ ಗುಂಪು ಅಂಚಿನಾಚೆ ಉಳಿಯುತ್ತದೆ. ನಾನು ಹೊರದೇಶದಿಂದ 66 ಡಿಗ್ರಿಯ 6 ಮಿ.ಮೀ. ಐಪೀಸ್ ತರಿಸಿದೆ. ಬೆಲೆ 2,950, ಸುಂಕ 1,210, ಅದನ್ನು ಕಟ್ಟಿಸಿಕೊಳ್ಳಲು ಕೊರಿಯರಿನವರು ಹಾಕಿದ ಶುಲ್ಕ 590, ಕಾದದ್ದು 41 ದಿನ. ಆದರೆ 200 ಪಟ್ಟಿನಲ್ಲಿ ಶನಿಯು ಒಂದು ಅಂಚಿನಿಂದ ಮತ್ತೊಂದಕ್ಕೆ ಸಾಗಲು ಸುಮಾರು 80 ಸೆಕೆಂಡು ಬೇಕು. 52 ಡಿಗ್ರಿಯ ಪ್ಲಾಸೆಲ್‌ನಲ್ಲಿ ಒಂದೇ ನಿಮಿಷ. ಕೈಯಿಂದ ನೂಕುವ ಡಾಬ್ಸೋನಿಯನ್ನಿಗೆ, ನೂಕಿದ ಅಲುಗಾಟ ನಿಲ್ಲುವ ಹೊತ್ತನ್ನು ಕಳೆದರೆ, ಆ ಇಪ್ಪತ್ತು ಸೆಕೆಂಡುಗಳೇ ಸರ್ವಸ್ವ.

ಬೆಂಗಳೂರಿನಿಂದ: ಕೃತ್ತಿಕೆಗೆ ಪ್ರಶ್ನೆ ಕೇಳಿದವರ ಬಳಿ 25 ಮಿ.ಮೀ. ಈಗಾಗಲೇ ಇದೆ. ಕಳೆದ ಮಳೆಗಾಲದಲ್ಲಿ ಬೂಷ್ಟು ಹಿಡಿದು ಎಸೆದ 9 ಮಿ.ಮೀ. ಐಪೀಸಿನ ಬೆಲೆಯನ್ನೂ ತಾವು ಲೆಕ್ಕಕ್ಕೆ ಸೇರಿಸಬೇಕಿತ್ತಲ್ಲವೇ? ಆ ಕಥೆಯನ್ನು ತಾವೇ ಹೇಳಿದ್ದಿರಿ.

ಕುಂದಾಪುರದಿಂದ: ಎಸೆದಿಲ್ಲ, ಇನ್ನೂ ಇದೆ. ಅಕ್ಕಿಯ ಡಬ್ಬಿಯಲ್ಲಿಟ್ಟರೆ ತೇವ ಹೀರುತ್ತದೆಂದು ಇಲ್ಲಿಯೇ ಒಬ್ಬರು ಹೇಳಿದ್ದನ್ನು ನಂಬಿದ್ದಕ್ಕೆ ಆದದ್ದು ಅದು.

ಧಾರವಾಡದಿಂದ: ಕೇಳಿದವರ ಕನ್ನಡಕದ ಬಗ್ಗೆ ಯಾರೂ ಒಂದು ಮಾತೂ ಆಡಿಲ್ಲ. ಬರಿಯ ಸಮೀಪದೃಷ್ಟಿಯಾದರೆ ಕನ್ನಡಕ ತೆಗೆದಿಟ್ಟು ಫೋಕಸ್ ತಿರುಗಿಸಿದರೆ ಸಾಕು. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಸಮನಾಗಿಲ್ಲದ ದೋಷ) ಇದ್ದರೂ ಹೆಚ್ಚಿನ ವರ್ಧನೆಯಲ್ಲಿ ಅದರ ತೊಂದರೆ ತಗ್ಗುತ್ತದೆ. ಇನ್ನು ನನ್ನ ಕಥೆ: ಮೂರು ಐಪೀಸ್ ಬದಲಿಸಿ 9,000 ಕಳೆದ ಮೇಲೆ ತಿಳಿದದ್ದು, ನನ್ನ ದೂರದರ್ಶಕದ ಕನ್ನಡಿಗಳ ಕೊಲಿಮೇಶನ್ನೇ, ಅಂದರೆ ಒಂದಕ್ಕೊಂದರ ನೇರ ಹೊಂದಾಣಿಕೆಯೇ, ತಪ್ಪಿತ್ತೆಂದು. ತಿರುಪುಗಳನ್ನು ಸರಿಪಡಿಸಿದ ರಾತ್ರಿ, ಹಳೆಯ 10 ಮಿ.ಮೀ.ನಲ್ಲಿಯೇ ಶನಿಯ ಬಳೆಯ ನಡುವಿನ ಕಪ್ಪು ಸಂದು, ಕ್ಯಾಸಿನಿ ಬಿರುಕು, ಕಂಡಿತು.

ಹಾಸನದಿಂದ: ಪ್ರಶ್ನೆ ಇರುವುದು ಐಪೀಸಿನದು, ಕನ್ನಡಿಯದಲ್ಲ. ಮತ್ತು ಕುಂದಾಪುರದವರೇ, ಅಕ್ಕಿಯ ಸಲಹೆ ಕೊಟ್ಟವನು ನಾನೇ. ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಬೇಕೆಂದೂ ಅದೇ ಸಾಲಿನಲ್ಲಿ ಬರೆದಿದ್ದೆ.