ನೈರೋಬಿಯ ಬಿಲ್ಲಲ್ಲಿ ‘ಇತರೆ’ ಅನ್ನೋ ಸಾಲು

ಪ್ರಶ್ನೆ: ಸರ್, ಕೀನ್ಯಾದ ನೈರೋಬಿಗೆ ಬಂದು ನಾಲ್ಕು ತಿಂಗಳಾಯ್ತು, ಒಂದು ಆಮದು ಕಂಪನಿಯ ಲೆಕ್ಕ ನೋಡ್ಕೋತೀನಿ. ಮೊಂಬಾಸಾ ಬಂದರಿನಿಂದ ಸರಕು ಬಿಡಿಸಿಕೊಡೋ ಏಜೆಂಟ್ ಪ್ರತಿ ಬಿಲ್ಲಿನ ಕೊನೇಲಿ ‘ಇತರೆ 15,000 ಶಿಲ್ಲಿಂಗ್’ ಅಂತ ಬರೀತಾನೆ. ರಶೀದಿ ಕೇಳಿದ್ರೆ ನಕ್ಕು ‘ಕಿಟು ಕಿಡೋಗೊ’ ಅಂತಾನೆ. ಖರ್ಚಿಗೆ ಹಾಕಿಬಿಡಲಾ?

ಉತ್ತರ (ಲೆಕ್ಕಪರಿಶೋಧಕರು): ಹಾಕಬೇಡಿ. ಕಿಟು ಕಿಡೋಗೊ ಅಂದ್ರೆ ಸ್ವಾಹಿಲಿಯಲ್ಲಿ ‘ಚಿಕ್ಕದೇನೋ ಒಂದು’. ‘ಚಾಯ್’ ಅಂತಲೂ ಅಂತಾರೆ, ನಮ್ಮೂರ ಕಾಫಿ ಕಾಸಿನ ಅಣ್ಣ ಅನ್ಕೊಳ್ಳಿ. 2016ರ ಲಂಚ ಕಾಯ್ದೆ ಪ್ರಕಾರ ಕೊಟ್ಟವರೂ ಅಪರಾಧಿಗಳೇ, 10 ವರ್ಷದವರೆಗೆ ಜೈಲಾಗಬಹುದು. ಅಧಿಕಾರ ಸ್ಥಾನದಲ್ಲಿ ಇರೋರು ಲಂಚದ ಅನುಮಾನ ಬಂದ 24 ಗಂಟೆಯೊಳಗೆ ವರದಿ ಮಾಡಬೇಕು. ಆ ದುಡ್ಡು ಏಜೆಂಟ್ ಜೇಬಿಗೇ ಹೋಗ್ತಿದ್ರೂ ಆಶ್ಚರ್ಯವಿಲ್ಲ. ಏನಕ್ಕೆ, ಯಾರಿಗೆ ಅಂತ ಬರಹದಲ್ಲೇ ಕೇಳಿ.

ಪ್ರಶ್ನೆ: ರಶೀದಿ ತಂದುಕೊಟ್ರೆ ಸಾಕಾ?

ಉತ್ತರ: ಸಾಲದು! ಈ ದೇಶದ ದೊಡ್ಡ ಹಗರಣಗಳಲ್ಲಿ ಕಾಗದ ಬೇಕಾದಷ್ಟಿತ್ತು. 1990ರ ದಶಕದ ಶುರುವಿನ ಗೋಲ್ಡನ್‌ಬರ್ಗ್ ನೋಡಿ. ಚಿನ್ನ, ವಜ್ರ ರಫ್ತು ಮಾಡಿದ್ವಿ ಅಂತ ಕಾಗದ ತೋರಿಸಿ, ಅದರ ಮೌಲ್ಯದ ಶೇ 35ರಷ್ಟು ಸರ್ಕಾರದಿಂದ ಪ್ರೋತ್ಸಾಹಧನ ಪಡೆದರು. ವಜ್ರವೇ ಸಿಗದ ದೇಶ ಸ್ವಾಮಿ ಇದು! ಅದನ್ನ ಹಿಡಿದವನು ದೊಡ್ಡ ತನಿಖಾಧಿಕಾರಿಯಲ್ಲ, ಕೇಂದ್ರ ಬ್ಯಾಂಕಿನ ಗುಮಾಸ್ತ ಡೇವಿಡ್ ಮುನ್ಯಾಕೆಯಿ. ದಾಖಲೆಗಳನ್ನ ವಿರೋಧಪಕ್ಷದವರ ಕೈಗೆ ಮುಟ್ಟಿಸಿದ. ಬಂಧನವಾಯ್ತು, ಕೆಲಸ ಹೋಯ್ತು. 2006ರಲ್ಲಿ ಬಡತನದಲ್ಲೇ ತೀರಿಕೊಂಡ.

ಗುಂಪಿನ ಇನ್ನೊಬ್ಬ ಸದಸ್ಯರು: ಅದು ಹಳೇ ಕಾಲ. ಈಗ ಸರ್ಕಾರಿ ಸೇವೆಗಳಿಗೆ ಇ-ಸಿಟಿಜನ್ ಅನ್ನೋ ಜಾಲತಾಣ ಬಂದಿದೆ, ಎಲ್ಲ ಆನ್‌ಲೈನ್ ಅಲ್ವಾ?

ಉತ್ತರ: ಕೌಂಟರ್ ಮುಂದಿನ ಚಾಯ್‌ಗೆ ಅದರಿಂದ ಕಡಿವಾಣ ಬೀಳಬಹುದು, ಒಪ್ಪಿದೆ. ದೊಡ್ಡ ಟೆಂಡರಿನ ಕಥೆಯೇ ಬೇರೆ. ಆಂಗ್ಲೋ ಲೀಸಿಂಗ್ ಅನ್ನೋ ಕಂಪನಿಯ ಹಗರಣದಲ್ಲಿ ಸುಮಾರು 60 ಲಕ್ಷ ಯೂರೋಗೆ ಆಗ್ತಿದ್ದ ಪಾಸ್‌ಪೋರ್ಟ್ ವ್ಯವಸ್ಥೆಯನ್ನ ಅದಕ್ಕೆ 3 ಕೋಟಿ ಯೂರೋಗೆ ಒಪ್ಪಿಸಿದ್ರು. ಕಂಪನಿ ಅಂತ ಇದ್ದದ್ದು ಲಿವರ್‌ಪೂಲಿನ ಒಂದು ವಿಳಾಸ ಮಾತ್ರ. ಅದನ್ನ ಕೆದಕಿದ ಸರ್ಕಾರದ್ದೇ ಅಧಿಕಾರಿ ಜಾನ್ ಗಿಥೊಂಗೊ 2005ರಲ್ಲಿ ಬ್ರಿಟನ್ನಿಗೆ ಹೋಗಿ ಕೂರಬೇಕಾಯ್ತು.

ಪ್ರಶ್ನೆ ಕೇಳಿದವರು (ವಾರದ ನಂತರ): ಸರ್, ಬರಹದಲ್ಲಿ ಕೇಳಿದೆ. ಹೊಸ ಬಿಲ್ಲಲ್ಲಿ ‘ಇತರೆ’ ಮಾಯ. ಅದೇ ಜಾಗದಲ್ಲಿ ‘ಹೆಚ್ಚುವರಿ ಸಾಗಣೆ 15,000’ ಬಂದಿದೆ, ಜೊತೆಗೆ ಸೀಲು ಹೊಡೆದ ರಶೀದಿ.

ಉತ್ತರ: ಲಾರಿ ನಂಬರ್ ಕೇಳಿ.